ಜೈಪುರವೋ, ಉಜ್ಜಯಿನಿಯೋ, ಬೆಂಗಳೂರೇ ಸಾಕೋ? ಆಕಾಶದ ಲೆಕ್ಕ ನೋಡಲು ಹೊರಟವರಿಗೆ

ಆಕಾಶ ಅಳೆಯಲು ಕಟ್ಟಿದ ಹಳೆಯ ವೇಧಶಾಲೆ ಜಂತರ್ ಮಂತರ್‌ಗೆ ಮೋಡ ಕವಿದ ದಿನ ಹೋದರೆ ಸಿಗುವುದು ದೊಡ್ಡ ದೊಡ್ಡ ಗೋಡೆ, ಎಲ್ಲಿಗೂ ಹೋಗದ ಮೆಟ್ಟಿಲು ಮತ್ತು ಒಂದಷ್ಟು ಸೆಲ್ಫಿ. ಬಿಸಿಲಿರುವ ದಿನ ಹೋದರೆ ಅದೇ ಗೋಡೆ ಗಂಟೆ ಎಷ್ಟೆಂದು ಹೇಳುತ್ತದೆ. ಹಾಗಾಗಿ "ಯಾವ ಜಾಗ ಚೆನ್ನಾಗಿದೆ?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, "ಯಾವ ತಿಂಗಳು ಹೋಗ್ತೀರಿ? ಎಷ್ಟು ಹೊತ್ತಿಗೆ?"

ಕೇಳುವವರಲ್ಲಿ ಎರಡು ಬಗೆ ಇದ್ದಾರೆ. ಮಕ್ಕಳಿಗೆ ಗ್ರಹ, ನಕ್ಷತ್ರ ತೋರಿಸಬೇಕು ಅನ್ನುವವರು ಒಂದು ಕಡೆ. ಇನ್ನು ಕೆಲವರಿಗೆ ರಾಕೆಟ್, ಟೆಲಿಸ್ಕೋಪ್ ಅಷ್ಟು ಬೇಕಿಲ್ಲ. ಹಿಂದಿನವರು ಟೆಲಿಸ್ಕೋಪ್ ಇಲ್ಲದೆ ಸಂಕ್ರಾಂತಿ ಹೇಗೆ ಹಿಡಿದರು, ಗ್ರಹಣ ಹೇಗೆ ಲೆಕ್ಕ ಹಾಕಿದರು, ಅಜ್ಜ ಹೇಳುತ್ತಿದ್ದ ಮಳೆ ನಕ್ಷತ್ರ ಅಂದರೆ ಏನು, ಇದು ಅವರ ಕುತೂಹಲ. ಈ ಬರಹ ಹೆಚ್ಚಾಗಿ ಎರಡನೇ ಬಗೆಯವರಿಗೆ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಉಪಯೋಗ ಆಗುತ್ತದೆ.

ನಾನು ಜಾಗಗಳನ್ನು ತೂಗುವುದು ಒಂದೇ ಲೆಕ್ಕದಲ್ಲಿ. ಅಲ್ಲಿ ನಿಂತಾಗ ನಮ್ಮ ಕಣ್ಣಿಗೆ ಆಕಾಶದ ಒಂದು ಲೆಕ್ಕವಾದರೂ ನೇರವಾಗಿ ಕಾಣಬೇಕು. ಬೋರ್ಡ್ ಓದಿ ತಿಳಿಯುವುದಾದರೆ ಮನೆಯಲ್ಲೇ ಕೂತು ಓದಬಹುದು, ಅಲ್ವಾ?

ಜೈಪುರ: ಬೆರಗಿಗೆ ಇದಕ್ಕಿಂತ ಬೇರೆ ಇಲ್ಲ

ಜೈಪುರದ ರಾಜ ಸವಾಯಿ ಜೈಸಿಂಗ್ ಐದು ಊರುಗಳಲ್ಲಿ ಇಂಥ ವೇಧಶಾಲೆ ಕಟ್ಟಿಸಿದ. ದೆಹಲಿ, ಜೈಪುರ, ಉಜ್ಜಯಿನಿ, ಕಾಶಿ, ಮಥುರಾ. ಮಥುರೆಯದು ಈಗ ಇಲ್ಲ. ಉಳಿದವುಗಳಲ್ಲಿ ಅತಿ ದೊಡ್ಡದು, ಚೆನ್ನಾಗಿ ಉಳಿದಿರುವುದು ಜೈಪುರದ್ದು. 1734ರ ಹೊತ್ತಿಗೆ ಅದು ಪೂರ್ತಿಯಾಯಿತು. 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಸುಮಾರು 20 ಮುಖ್ಯ ಯಂತ್ರಗಳಿವೆ. ಬಹುಪಾಲು ಕಲ್ಲು, ಗಾರೆ, ಅಮೃತಶಿಲೆಯವು.

ಇಷ್ಟು ದೊಡ್ಡದಾಗಿ ಯಾಕೆ ಕಟ್ಟಿಸಿದ ಎನ್ನುವುದೇ ಇಲ್ಲಿಯ ಒಳ್ಳೆಯ ಕಥೆ. ಹಿತ್ತಾಳೆಯ ಸಣ್ಣ ಉಪಕರಣಗಳು ಸವೆಯುತ್ತವೆ, ಅಲುಗಾಡುತ್ತವೆ. ಅವುಗಳ ಮೇಲೆ ಗೆರೆಗಳನ್ನು ಸಣ್ಣದಾಗಿ ಕೊರೆಯಲೂ ಆಗುವುದಿಲ್ಲ. ಕಲ್ಲಿನಲ್ಲಿ ದೊಡ್ಡದಾಗಿ ಕಟ್ಟಿದರೆ ಈ ತೊಂದರೆ ತಪ್ಪುತ್ತದೆ ಎಂಬುದು ಅವನ ನಂಬಿಕೆ. ಆ ಕಾಲಕ್ಕೆ ಯುರೋಪಿನಲ್ಲಿ ಟೆಲಿಸ್ಕೋಪ್ ಬಂದಾಗಿತ್ತು. ಜೈಸಿಂಗ್ ಪೋರ್ಚುಗಲ್‌ಗೆ ಜನ ಕಳಿಸಿ, ಫ್ರಾನ್ಸಿನ ಖಗೋಳಜ್ಞ ಲಾ ಹಿರ್ ಮಾಡಿದ್ದ ಗ್ರಹಸ್ಥಿತಿಯ ಕೋಷ್ಟಕಗಳನ್ನು ತರಿಸಿಕೊಂಡ. ತನ್ನವರು ಅಳೆದಿದ್ದರ ಜೊತೆ ಹೋಲಿಸಿ ನೋಡಿದರೆ, ಆ ಕೋಷ್ಟಕದಲ್ಲಿ ಚಂದ್ರನ ಜಾಗ ಅರ್ಧ ಡಿಗ್ರಿ ತಪ್ಪಾಗಿತ್ತು. ಅರ್ಧ ಡಿಗ್ರಿ ಅಂದರೆ ಆಕಾಶದಲ್ಲಿ ಚಂದ್ರನದೇ ಒಂದು ಅಗಲ. ಗ್ರಹಣದ ಲೆಕ್ಕಕ್ಕೆ ಅದು ದೊಡ್ಡ ತಪ್ಪೇ.

ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಸಾಮ್ರಾಟ್ ಯಂತ್ರದ ಮುಂದೆ. 27 ಮೀಟರ್ ಎತ್ತರದ ತ್ರಿಕೋನದ ಗೋಡೆ, ಎರಡೂ ಬದಿಗೆ ಬಾಗಿದ ಕಮಾನು. ಗೋಡೆಯ ನೆರಳು ಆ ಕಮಾನಿನ ಮೇಲೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ನೆರಳಿನ ಅಂಚಿನಲ್ಲಿ ಒಂದು ನಾಣ್ಯ ಇಟ್ಟು ಒಂದು ನಿಮಿಷ ಕಾಯಿರಿ. ನೆರಳು ಆರು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಭೂಮಿ ತಿರುಗುತ್ತಿದೆ ಎಂದು ಶಾಲೆಯಲ್ಲಿ ಓದಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಜೈಪುರಕ್ಕೆ ಇಷ್ಟು ದೂರ ಹೋಗಿದ್ದು ಈ ಒಂದು ನಿಮಿಷಕ್ಕೇ ಸಾರ್ಥಕ ಎಂದು ನನಗೆ ಅನ್ನಿಸುತ್ತದೆ.

ಆದರೆ ಗೈಡ್‌ಗಳು "ಎರಡು ಸೆಕೆಂಡ್ ವ್ಯತ್ಯಾಸ ಇಲ್ಲದೆ ಟೈಮ್ ಹೇಳುತ್ತೆ" ಎಂದಾಗ ಸುಮ್ನೆ ತಲೆ ಆಡಿಸಬೇಡಿ. ಹತ್ತಿರ ಹೋಗಿ ಅಂಚನ್ನು ನೋಡಿ. ಅದು ಗೆರೆ ಎಳೆದಂತೆ ಇರುವುದಿಲ್ಲ, ಮಸುಕಾಗಿರುತ್ತದೆ. ಸೂರ್ಯ ಒಂದು ಚುಕ್ಕಿ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಅದರಿಂದ ನೆರಳಿನ ಅಂಚು ಸುಮಾರು 14 ಸೆಂಟಿಮೀಟರ್‌ನಷ್ಟು ಹರಡಿಕೊಳ್ಳುತ್ತದೆ. ಸಮಯದ ಲೆಕ್ಕದಲ್ಲಿ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಯಂತ್ರವನ್ನು ಇನ್ನಷ್ಟು ದೊಡ್ಡದು ಮಾಡಿದರೂ ಈ ಮಸುಕು ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಎರಡು ಸೆಕೆಂಡ್ ಅನ್ನುವುದು ಕಲ್ಲಿನ ಮೇಲೆ ಕೊರೆದ ಗೆರೆಗಳ ಅಂತರ. ಅಷ್ಟು ನಿಖರವಾಗಿ ಓದಬೇಕಾದರೆ ದಾರವನ್ನೋ ತೆಳುವಾದ ಕಡ್ಡಿಯನ್ನೋ ಹಿಡಿದು ಮಸುಕಿನ ನಡುವನ್ನು ಹುಡುಕಬೇಕು. ಅದು ಪಳಗಿದ ಕೈಯ ಕೆಲಸ. ಗೋಡೆಯ ಜೊತೆಗೆ ನೋಡುವವನ ಕಣ್ಣೂ ಯಂತ್ರದ ಭಾಗ ಎಂದು ಗೊತ್ತಾದಾಗ ಜೈಸಿಂಗನ ಜ್ಯೋತಿಷಿಗಳ ಮೇಲೆ ಗೌರವ ಹೆಚ್ಚುತ್ತದೆ.

ಇನ್ನೊಂದು ವಿಷಯ ವಾಚು. ನಿಮ್ಮ ವಾಚಿಗೂ ಸಾಮ್ರಾಟ್ ಯಂತ್ರಕ್ಕೂ ತಾಳೆ ಆಗುವುದಿಲ್ಲ. ನಮ್ಮ ವಾಚು ತೋರಿಸುವುದು 82.5 ಡಿಗ್ರಿ ರೇಖಾಂಶದ ಸಮಯ. ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಅಲ್ಲಿಯ ಸೂರ್ಯ ಸುಮಾರು 27 ನಿಮಿಷ ಹಿಂದೆ. ಇದರ ಮೇಲೆ ಭೂಮಿಯ ಕಕ್ಷೆ ಮತ್ತು ಓರೆಯಿಂದ ಬರುವ ಏರುಪೇರು ಬೇರೆ. ನವೆಂಬರ್ ಮೊದಲ ವಾರ ಹೋದರೆ ವಾಚಿಗೂ ನೆರಳಿಗೂ ಸುಮಾರು 10 ನಿಮಿಷದ ವ್ಯತ್ಯಾಸ. ಫೆಬ್ರವರಿ ಮಧ್ಯಕ್ಕೆ ಹೋದರೆ ಸುಮಾರು 41 ನಿಮಿಷ. ಇದು ಗೊತ್ತಿಲ್ಲದೆ ಹೋದವರು "ಹಳೇ ಯಂತ್ರ, ಕೆಟ್ಟು ಹೋಗಿದೆ" ಎಂದು ಹೇಳಿ ಬರುತ್ತಾರೆ. ಯಂತ್ರ ಸರಿಯಾಗೇ ಇದೆ, ಅದು ಜೈಪುರದ ಸೂರ್ಯನ ಸಮಯ ಹೇಳುತ್ತಿದೆ, ಅಷ್ಟೆ.

ಜೈ ಪ್ರಕಾಶ ಯಂತ್ರಕ್ಕೆ ಮಾತ್ರ ಸಮಯ ಕೊಡಿ. ನೆಲದೊಳಗೆ ಇಳಿಸಿದ ಎರಡು ಅರ್ಧಗೋಳದ ಬಟ್ಟಲುಗಳು. ಆಕಾಶವನ್ನೇ ಬೋರಲು ಹಾಕಿ ಅಮೃತಶಿಲೆಯ ಮೇಲೆ ಗೆರೆ ಬರೆದ ಹಾಗೆ. ಮೇಲೆ ಅಡ್ಡಡ್ಡ ಕಟ್ಟಿದ ತಂತಿ, ನಡುವೆ ಒಂದು ಸಣ್ಣ ಲೋಹದ ಬಿಲ್ಲೆ. ಬಿಲ್ಲೆಯ ನೆರಳು ಎಲ್ಲಿ ಬೀಳುತ್ತದೋ ಅದೇ ಆಗ ಸೂರ್ಯ ಇರುವ ಜಾಗ. ಬಟ್ಟಲು ಯಾಕೆ ಎರಡು? ಒಂದರಲ್ಲಿ ಶಿಲೆ ಇರುವ ಕಡೆ ಇನ್ನೊಂದರಲ್ಲಿ ಖಾಲಿ ಜಾಗ ಇದೆ. ರಾತ್ರಿ ನಕ್ಷತ್ರ ನೋಡುವವನು ಆ ಖಾಲಿ ಜಾಗದಲ್ಲಿ ಇಳಿದು, ಶಿಲೆಯ ಅಂಚಿಗೆ ಕಣ್ಣಿಟ್ಟು ಮೇಲಿನ ತಂತಿಯ ನೇರಕ್ಕೆ ನೋಡಬೇಕಿತ್ತು. ಒಂದು ಬಟ್ಟಲಲ್ಲಿ ಸಿಗದಿದ್ದು ಇನ್ನೊಂದರಲ್ಲಿ ಸಿಗುತ್ತದೆ. ಈ ಜಾಣತನದ ಮುಂದೆ ಸಾಮ್ರಾಟ್ ಯಂತ್ರ ಬರೀ ಗಾತ್ರ ಅನ್ನಿಸಿಬಿಡುತ್ತದೆ.

ರಾಶಿವಲಯ ಜೈಪುರದಲ್ಲಿ ಮಾತ್ರ ಇದೆ. ಹನ್ನೆರಡು ರಾಶಿಗೆ ಹನ್ನೆರಡು ಸಣ್ಣ ಯಂತ್ರಗಳು, ಒಂದೊಂದರ ಓರೆ ಒಂದೊಂದು ತರ. "ನಿಮ್ಮ ರಾಶಿ ಯಾವುದು ಸಾರ್? ಅಲ್ಲಿ ನಿಂತ್ಕೊಳಿ, ಫೋಟೊ" ಎನ್ನುವವರು ಇಲ್ಲಿ ಖಂಡಿತ ಸಿಗುತ್ತಾರೆ. ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಓರೆ ಯಾಕೆ ಬೇರೆ ಬೇರೆ ಎಂದು ಕೇಳಿ. ಉತ್ತರ ಕೊಡುವ ಗೈಡ್ ಸಿಕ್ಕರೆ ಅವರನ್ನು ಬಿಡಬೇಡಿ.

ಜೈಪುರದ ಕೊರತೆ ಜನಜಂಗುಳಿ. ಹವಾ ಮಹಲ್, ಸಿಟಿ ಪ್ಯಾಲೇಸ್ ಎಲ್ಲ ಪಕ್ಕದಲ್ಲೇ ಇರುವುದರಿಂದ ಟೂರ್ ಬಸ್ಸಿನವರು ಇಲ್ಲಿಗೆ ಅರ್ಧ ಗಂಟೆ ಕೊಟ್ಟು ಓಡಿಸುತ್ತಾರೆ. ಅರ್ಧ ಗಂಟೆಯಲ್ಲಿ ನೆರಳು ಸರಿದಿದ್ದನ್ನು ನೋಡಬಹುದು, ಬೇರೇನೂ ಆಗದು. ಸ್ವಂತವಾಗಿ ಹೋಗಿ, ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ.

ಉಜ್ಜಯಿನಿ: ಕಲಿಯಲು ಹೋಗುವವರಿಗೆ

ಒಂದೇ ಜಾಗಕ್ಕೆ ಹೋಗಲು ಆಗುವುದು, ಜೊತೆಗೆ ಹೈಸ್ಕೂಲ್ ಓದುವ ಮಗು ಇದೆ ಅಂದರೆ ನನ್ನ ಓಟು ಉಜ್ಜಯಿನಿಗೆ. ಶಿಪ್ರಾ ನದಿಯ ಹತ್ತಿರ ಇರುವ ಈ ವೇಧಶಾಲೆ ಜೈಪುರದ ಮುಂದೆ ತೀರಾ ಚಿಕ್ಕದು. ಬೆರಗಾಗುವಂಥದ್ದು ಏನೂ ಇಲ್ಲ. ಆದರೆ ಇದು ಇನ್ನೂ ಕೆಲಸ ಮಾಡುವ ಜಾಗ. 1923ರಲ್ಲಿ ಗ್ವಾಲಿಯರ್‌ನ ಮಾಧವರಾವ್ ಸಿಂಧಿಯಾ ಇದನ್ನು ರಿಪೇರಿ ಮಾಡಿಸಿದರು. ಈಗಲೂ ಇಲ್ಲಿಂದ ಪ್ರತಿ ವರ್ಷ ಗ್ರಹಸ್ಥಿತಿಯ ಪಂಚಾಂಗ ಹೊರಡುತ್ತದೆ. ಯಂತ್ರಗಳು ಕಡಿಮೆ ಇರುವುದೇ ಇಲ್ಲಿಯ ಅನುಕೂಲ. ಒಂದೊಂದನ್ನೂ ಪೂರ್ತಿ ಅರ್ಥ ಮಾಡಿಕೊಂಡು ಮುಂದಿನದಕ್ಕೆ ಹೋಗಬಹುದು.

ಮೊದಲು ಶಂಕು ಯಂತ್ರ ನೋಡಿ. ದುಂಡನೆಯ ಕಟ್ಟೆ, ನಡುವೆ ನೆಟ್ಟಗೆ ನಿಲ್ಲಿಸಿದ ಒಂದು ಕಂಬಿ. ಅಷ್ಟೇ. ಕಟ್ಟೆಯ ಮೇಲಿನ ಗೆರೆಗಳು ಕಂಬಿಯ ನೆರಳಿನ ತುದಿ ಬೇರೆ ಬೇರೆ ಕಾಲದಲ್ಲಿ ನಡೆಯುವ ದಾರಿಗಳು. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು ಆ ದಾರಿ ನೇರ ಗೆರೆ. ಉಳಿದ ದಿನಗಳಲ್ಲಿ ಬಾಗುತ್ತದೆ. ಚಳಿಗಾಲದಲ್ಲಿ ಒಂದು ಕಡೆಗೆ, ಬೇಸಿಗೆಯಲ್ಲಿ ಇನ್ನೊಂದು ಕಡೆಗೆ. ಉತ್ತರಾಯಣ, ದಕ್ಷಿಣಾಯನ ಎಂದು ನಾವು ಹಬ್ಬದ ದಿನ ಮಾತ್ರ ನೆನೆಯುವ ವಿಷಯವನ್ನು ಒಂದು ಕಂಬಿ, ಒಂದು ಕಟ್ಟೆ ಪೂರ್ತಿ ಹೇಳಿಬಿಡುತ್ತವೆ. ಮನೆಗೆ ಬಂದ ಮೇಲೆ ತಾರಸಿಯಲ್ಲಿ ಒಂದು ಕೋಲು ನೆಟ್ಟು ಮಕ್ಕಳೇ ಇದನ್ನು ಮಾಡಬಹುದು. ಜೈಪುರ ನೋಡಿ ಬಂದು ಮನೆಯಲ್ಲಿ ಜೈ ಪ್ರಕಾಶ ಕಟ್ಟುವುದಕ್ಕೆ ಆಗುತ್ತಾ?

ನೆರಳಿನಿಂದ ಸಮಯ ಹೇಳುವ ನಾಡೀವಲಯ ಯಂತ್ರಕ್ಕೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಮುಖ. ಮಾರ್ಚ್ 21ರಿಂದ ಸೆಪ್ಟೆಂಬರ್ 22ರವರೆಗೆ ಬಿಸಿಲು ಉತ್ತರದ ಮುಖಕ್ಕೆ, ಉಳಿದ ಅರ್ಧ ವರ್ಷ ದಕ್ಷಿಣದ ಮುಖಕ್ಕೆ. ನೀವು ಹೋದ ದಿನ ಯಾವ ಮುಖಕ್ಕೆ ಬಿಸಿಲಿದೆ ನೋಡಿದರೆ ಸಾಕು, ಸೂರ್ಯ ಸಮಭಾಜಕದ ಯಾವ ಕಡೆ ಇದ್ದಾನೆ ಎಂದು ಹೇಳಬಹುದು. ದಿಕ್ಕು ಅಳೆಯುವ ದಿಗಂಶ ಯಂತ್ರ, ಭಿತ್ತಿ ಯಂತ್ರಗಳೂ ಇವೆ. ಭಿತ್ತಿ ಯಂತ್ರ ಅಂದರೆ ಉತ್ತರ–ದಕ್ಷಿಣವಾಗಿ ಕಟ್ಟಿದ ಗೋಡೆ. ನಡು ಮಧ್ಯಾಹ್ನ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅದರಲ್ಲಿ ಅಳೆಯುತ್ತಾರೆ. ಹಾಗಾಗಿ ಬೆಳಿಗ್ಗೆ ಹನ್ನೊಂದೂವರೆಗೆ ಒಳಗೆ ಹೋಗಿ, ಒಂದು ಗಂಟೆ ದಾಟಿದ ಮೇಲೆ ಹೊರಬನ್ನಿ. ಸೂರ್ಯನ ನಡು ಮಧ್ಯಾಹ್ನ ಇಲ್ಲಿ ವಾಚಿನ ಹನ್ನೆರಡು ಹತ್ತರಿಂದ ಹನ್ನೆರಡು ಮುಕ್ಕಾಲಿನ ಒಳಗೆ ಬರುತ್ತದೆ. ಉಜ್ಜಯಿನಿ, ಜೈಪುರ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಆದ್ದರಿಂದ ವಾಚಿನ ಲೆಕ್ಕವೂ ಒಂದೇ.

ರೇಖಾಂಶದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಗ್ರೀನಿಚ್ ಬರುವ ಎಷ್ಟೋ ಮೊದಲು ಸಿದ್ಧಾಂತ ಎಂದು ಕರೆಯುವ ನಮ್ಮ ಹಳೆಯ ಖಗೋಳ ಗ್ರಂಥಗಳಿಗೆ ಸೊನ್ನೆ ರೇಖೆ ಉಜ್ಜಯಿನಿಯ ಮೂಲಕ ಹೋಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಪಂಚಾಂಗ ಮಾಡುವವರು ಮೊದಲು ಉಜ್ಜಯಿನಿಯ ರೇಖೆಗೆ ಗ್ರಹ ಕಂಡುಹಿಡಿದು, ಆಮೇಲೆ ತಮ್ಮ ಊರಿಗೆ ದೇಶಾಂತರದ ತಿದ್ದುಪಡಿ ಹಾಕುತ್ತಿದ್ದರು. ನಮ್ಮ ಕಡೆಯ ಹಳೆಯ ಪಂಚಾಂಗಗಳ ಬೇರು ಇಲ್ಲಿದೆ.

2024ರಲ್ಲಿ ಇಲ್ಲಿ ಒಂದು ಗೋಪುರದ ಮೇಲೆ ವೈದಿಕ ಗಡಿಯಾರ ಬಂತು. ಒಂದು ಸೂರ್ಯೋದಯದಿಂದ ಇನ್ನೊಂದರವರೆಗಿನ ಕಾಲವನ್ನು 30 ಮುಹೂರ್ತಗಳಾಗಿ ತೋರಿಸುತ್ತದೆ. ಜನ ಮೊದಲು ಅದರ ಕಡೆ ಓಡುತ್ತಾರೆ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಸೂರ್ಯನನ್ನು ನೋಡದೆ ಸೂರ್ಯೋದಯದ ಲೆಕ್ಕ ಹೇಳುವ ಪರದೆಗಿಂತ ಪಕ್ಕದ ಕಂಬಿಯ ನೆರಳು ಎಷ್ಟೋ ವಾಸಿ.

ಒಂದು ಎಚ್ಚರಿಕೆ. ಉಜ್ಜಯಿನಿ ಕರ್ಕಾಟಕ ಸಂಕ್ರಾಂತಿ ವೃತ್ತದ ಪಕ್ಕದಲ್ಲೇ ಇದೆ. ಜೂನ್ 21ರ ಮಧ್ಯಾಹ್ನ ಅಲ್ಲಿ ನೆರಳು ಮಾಯವಾಗುತ್ತದೆ ಎಂದು ಓದಿ ಆ ದಿನಕ್ಕೇ ಟಿಕೆಟ್ ಮಾಡಿಸುವವರಿದ್ದಾರೆ. ಆ ಹೊತ್ತಿಗೆ ಮುಂಗಾರಿನ ಮೋಡ ಬಂದಿದ್ದರೆ ಏನೂ ಕಾಣದು. ನೆರಳಿಲ್ಲದ ಮಧ್ಯಾಹ್ನ ಬೇಕಿದ್ದರೆ ಬೆಂಗಳೂರಿನಲ್ಲೇ, ಮಂಗಳೂರಿನಲ್ಲೇ ಇದೆ. ಏಪ್ರಿಲ್ 24–25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಏಪ್ರಿಲ್‌ನದೇ ಒಳ್ಳೆಯದು, ಆಗ ಬಿಸಿಲಿರುತ್ತದೆ.

ಬೆಂಗಳೂರಿನಿಂದ ಹೋಗುವವರು ಇಂದೋರ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಸುಮಾರು 55 ಕಿಲೋಮೀಟರ್ ರಸ್ತೆಯಲ್ಲಿ ಹೋದರೆ ಸುಲಭ. ಮಹಾಕಾಲೇಶ್ವರದ ದರ್ಶನಕ್ಕೆ ಹೋಗುವ ಹಿರಿಯರ ಜೊತೆ ಸೇರಿಸಿಕೊಂಡರೆ ಮನೆಯಲ್ಲಿ ಒಪ್ಪಿಗೆಯೂ ಬೇಗ ಸಿಗುತ್ತದೆ.

ದೆಹಲಿ ಮತ್ತು ಕಾಶಿ

ದೆಹಲಿಯ ಜಂತರ್ ಮಂತರ್ ಮೊದಲು ಕಟ್ಟಿದ್ದು, 1724ರಲ್ಲಿ. ಕೆಂಪು ಬಣ್ಣದ ಆ ಗೋಡೆಗಳು ನೋಡಲು ಚೆಂದ. ಹೃದಯದ ಆಕಾರದ ಮಿಶ್ರ ಯಂತ್ರ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆದರೆ ಗೆರೆಗಳು ಬಹುಪಾಲು ಅಳಿಸಿಹೋಗಿವೆ, ಸುತ್ತ ಎತ್ತರದ ಕಟ್ಟಡಗಳು ಎದ್ದಿವೆ. ಓದಲು ಗೆರೆ ಇಲ್ಲದ ಮೇಲೆ ಅದು ವೇಧಶಾಲೆಯಾಗಿ ಸಪ್ಪೆ. ದೆಹಲಿಗೆ ಬೇರೆ ಕೆಲಸಕ್ಕೆ ಹೋದಾಗ ಕನ್ನಾಟ್ ಪ್ಲೇಸ್‌ನಲ್ಲಿ ಒಂದು ಗಂಟೆ ಬಿಡುವಿದ್ದರೆ ನೋಡಿ. ಅದಕ್ಕಾಗಿಯೇ ಹೋಗಬೇಡಿ. ಕಾಶಿಯದು ಗಂಗೆಯ ದಡದ ಮಾನ್ ಮಹಲ್‌ನ ಮಾಳಿಗೆಯ ಮೇಲಿದೆ, ಪುಟ್ಟದು. ಘಾಟಿನ ಸುತ್ತಾಟದಲ್ಲಿ ಹತ್ತಿ ಬನ್ನಿ.

ಈ ನಾಲ್ಕು ಊರುಗಳಲ್ಲಿ ಎರಡನ್ನಾದರೂ ನೋಡುವವರು ಸಾಮ್ರಾಟ್ ಯಂತ್ರದ ಇಳಿಜಾರನ್ನು ಗಮನಿಸಿ. ಅದು ಯಾವಾಗಲೂ ಧ್ರುವದ ಕಡೆ ಮುಖ ಮಾಡಿರುತ್ತದೆ. ಆದ್ದರಿಂದ ಅದರ ಓರೆ ಆ ಊರಿನ ಅಕ್ಷಾಂಶ. ದೆಹಲಿಯಲ್ಲಿ 28 ಡಿಗ್ರಿಗಿಂತ ಜಾಸ್ತಿ, ಜೈಪುರದಲ್ಲಿ 27, ಉಜ್ಜಯಿನಿಯಲ್ಲಿ 23 ಚಿಲ್ಲರೆ. ಬೆಂಗಳೂರಿನಲ್ಲಿ ಕಟ್ಟಿದ್ದರೆ ಬರೀ 13 ಡಿಗ್ರಿ. ಮುದುಕರೂ ಆರಾಮಾಗಿ ಹತ್ತುವಂಥ ಇಳಿಜಾರು ಆಗುತ್ತಿತ್ತು.

ಮಳೆ ನಕ್ಷತ್ರ ತಿಳಿಯಬೇಕಾದರೆ ಗುಮ್ಮಟದೊಳಗೆ

ದೂರ ಹೋಗುವ ಮೊದಲು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಹೋಗಿ. 1989ರಿಂದ ಇದೆ, ಕನ್ನಡದಲ್ಲೂ ಪ್ರದರ್ಶನ ಇದೆ, ಸೋಮವಾರ ರಜೆ. "ಅದು ಸ್ಕೂಲ್ ಮಕ್ಕಳಿಗೆ" ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ಹಳೆಯ ಆಕಾಶ ವಿದ್ಯೆ ತಿಳಿಯಬೇಕು ಅನ್ನುವವರಿಗೇ ತಾರಾಲಯ ಜಾಸ್ತಿ ಬೇಕು ಎಂಬುದು ನನ್ನ ವಾದ.

ಕಾರಣ ಇದು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎನ್ನುತ್ತಾರೆ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಎನ್ನುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ರೈತರು ಮಳೆಯನ್ನು ಎಣಿಸುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ. 27 ನಕ್ಷತ್ರ, ಒಂದೊಂದಕ್ಕೆ 13 ಅಥವಾ 14 ದಿನ. ಮೇ 25ರ ಹೊತ್ತಿಗೆ ರೋಹಿಣಿ ಹುಟ್ಟುತ್ತದೆ, ಜೂನ್ 22ರ ಹೊತ್ತಿಗೆ ಆರಿದ್ರೆ. ಆದರೆ ಸೂರ್ಯ ರೋಹಿಣಿಯಲ್ಲಿರುವಾಗ ಆಕಾಶದಲ್ಲಿ ರೋಹಿಣಿ ಕಾಣುವುದೇ ಇಲ್ಲ! ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ಕಾಣದ ನಕ್ಷತ್ರದ ಹೆಸರಿನಲ್ಲಿ ಬಿತ್ತನೆ ಮಾಡುತ್ತಾ ಬಂದಿದ್ದೇವೆ. ಸೂರ್ಯನನ್ನೂ ಅವನ ಹಿಂದಿನ ನಕ್ಷತ್ರವನ್ನೂ ಒಟ್ಟಿಗೆ ತೋರಿಸಲು ಆಗುವುದು ತಾರಾಲಯದ ಗುಮ್ಮಟದಲ್ಲಿ ಮಾತ್ರ. ಇದನ್ನು ಒಮ್ಮೆ ಕಂಡವರಿಗೆ ಜೈಪುರದ ರಾಶಿವಲಯ ಬೇಗ ಅರ್ಥವಾಗುತ್ತದೆ.

ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾಯಿತು. ಇಲ್ಲಿ ತ್ರೀಡಿ ಪ್ರದರ್ಶನ. ಪರದೆ, ಚಿತ್ರದ ಗುಣಮಟ್ಟಕ್ಕೆ ಇದೇ ಮುಂದೆ. ಚಿಕ್ಕ ಮಕ್ಕಳಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಿ, ಸುತ್ತ ನಿಸರ್ಗಧಾಮವೇ ಇದೆ, ಇಡೀ ದಿನ ಕಳೆಯಬಹುದು. ಕರಾವಳಿಯವರ ಕಾಲದ ಲೆಕ್ಕವೂ ಬೇರೆ ಎನ್ನುವುದನ್ನು ಅಲ್ಲಿಗೆ ಹೋದಾಗ ವಿಚಾರಿಸಿ. ತುಳುವರದು ಸೌರಮಾನದ ತಿಂಗಳು, ಹೊಸ ವರ್ಷ ಬಿಸು. ಬೇಷ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಅಂದು ತಿರುಗಾಟ ಮುಗಿಸುತ್ತವೆ, ಕೋಲಗಳು ನಿಲ್ಲುತ್ತವೆ. ಮರುದಿನವೇ ಬಯಲುಸೀಮೆಯ ರೈತನ ರೋಹಿಣಿ ಮಳೆ. ಗಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಸೂರ್ಯನನ್ನು ನೋಡಿ ತಂತಮ್ಮ ಕೆಲಸಕ್ಕೆ ಗಡಿ ಹಾಕಿಕೊಂಡಿದ್ದಾರೆ.

ದೇವಸ್ಥಾನಗಳಲ್ಲಿ ಆಕಾಶ

ಖರ್ಚಿಲ್ಲದೆ ನೋಡಬೇಕಾದರೆ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಆ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಟಿವಿಯವರ ಕ್ಯಾಮೆರಾಗಳ ಹಿಂದೆ ನಿಂತು ಏನೂ ಕಾಣದೆ ವಾಪಸ್ ಬರುತ್ತೀರಿ. ಬದಲಿಗೆ ನವೆಂಬರ್ ಕೊನೆಯ ವಾರ ಹೋಗಿ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಡಿಸೆಂಬರ್ 21–22ರಂದು ತಿರುಗಿ ಉತ್ತರಕ್ಕೆ ಬರುವಾಗ ಇನ್ನೊಮ್ಮೆ ಒಂದೇ ದಾರಿ ಹಾಯುತ್ತಾನೆ. ಹಾಗಾಗಿ ಜನವರಿ 14ಕ್ಕೆ ಬೀಳುವ ಬೆಳಕು ನವೆಂಬರ್ 26ರಿಂದ ಡಿಸೆಂಬರ್ 2ರ ನಡುವೆಯೂ ಬೀಳುತ್ತದೆ. ತಾರಾಲಯದ ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಅವರು ಈ ದೇವಸ್ಥಾನವನ್ನು ಅಧ್ಯಯನ ಮಾಡಿದ್ದಾರೆ. 1790ರ ದಶಕದಲ್ಲಿ ಡೇನಿಯಲ್ ಎಂಬ ಇಂಗ್ಲಿಷ್ ಕಲಾವಿದರು ಬರೆದ ಇದೇ ದೇವಸ್ಥಾನದ ಚಿತ್ರಗಳಿವೆ. ಅವನ್ನು ನೋಡಿದರೆ ಕಟ್ಟಡ ಆಮೇಲೆ ಬದಲಾಗಿದೆ ಎಂದು ಗೊತ್ತಾಗುತ್ತದೆ. ಅಂಗಳದಲ್ಲಿರುವ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ದೊಡ್ಡ ಚಕ್ರಗಳನ್ನೂ ಬಿಡಬೇಡಿ.

ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಿವೆ. ಆಯಾ ತಿಂಗಳು ಆಯಾ ರಾಶಿಯ ಕಂಬದ ಮೇಲೆ ಎಳೆಬಿಸಿಲು ಬೀಳುತ್ತದೆ ಎಂದು ಹೇಳುತ್ತಾರೆ. ಕೆತ್ತನೆಗಾಗಿ ಖಂಡಿತ ಹೋಗಿ. ಬಿಸಿಲಿನ ಮಾತನ್ನು ಮಾತ್ರ ಗವಿಪುರದ ಲೆಕ್ಕಕ್ಕೆ ಹಿಡಿದು ನೋಡಿ. ಸೂರ್ಯ ಹುಟ್ಟುವ ಜಾಗ ವರ್ಷದಲ್ಲಿ ಒಮ್ಮೆ ಉತ್ತರಕ್ಕೆ ಹೋಗಿ ಅದೇ ಹಾದಿಯಲ್ಲಿ ವಾಪಸ್ ಬರುತ್ತದೆ. ಒಂದು ತಿಂಗಳು ಬಂದ ಬೆಳಕು ಇನ್ನೊಂದು ತಿಂಗಳೂ ಅದೇ ದಿಕ್ಕಿನಿಂದ ಬರಲೇಬೇಕು. ಬರೀ ಸೂರ್ಯೋದಯದ ಬೆಳಕಿನಿಂದ ಹನ್ನೆರಡು ತಿಂಗಳಿಗೆ ಹನ್ನೆರಡು ಬೇರೆ ಬೇರೆ ಕಂಬ ಹೇಗೆ? ಬೆಳಿಗ್ಗೆ ಬೇಗ ಹೋಗಿ ಯಾವ ಕಂಬಕ್ಕೆ ಬೆಳಕು ಬಂತೆಂದು ಬರೆದುಕೊಳ್ಳುವ ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇಲ್ಲ.

ಕೊಡೈಕನಾಲ್, ಕಾವಲೂರು

ಇವೆರಡೂ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೈಯಲ್ಲಿವೆ. ಎರಡೂ ತಮಿಳುನಾಡಿನಲ್ಲಿವೆ.

ಕೊಡೈಕನಾಲ್‌ನ ಸೌರ ವೀಕ್ಷಣಾಲಯ ಹುಟ್ಟಿದ ಕಾರಣವೂ ಮಳೆಯೇ. 1876–78ರ ಬರ ನಮ್ಮ ಹಳೇ ಮೈಸೂರಿನಲ್ಲಿ ಧಾತು–ಈಶ್ವರ ಸಂವತ್ಸರದ ಬರ ಎಂದೇ ನೆನಪಾಗಿ ಉಳಿದಿತ್ತು. ಸೂರ್ಯನ ಕಲೆಗಳಿಗೂ ಮುಂಗಾರಿಗೂ ಸಂಬಂಧ ಇದ್ದೀತು, ಸೂರ್ಯನನ್ನು ದಿನಾ ನೋಡಿದರೆ ಬರ ಮೊದಲೇ ತಿಳಿದೀತು ಎಂಬ ಆಸೆ ಬ್ರಿಟಿಷರಿಗೆ ಹುಟ್ಟಿತು. 1899ರಲ್ಲಿ ವೀಕ್ಷಣಾಲಯ ಶುರುವಾಯಿತು. ಮಳೆಯ ಭವಿಷ್ಯ ಅದರಿಂದ ಸಿಗಲಿಲ್ಲ. ಆದರೆ ಜಾನ್ ಎವರ್‌ಶೆಡ್ 1909ರಲ್ಲಿ ಇಲ್ಲೇ ಸೂರ್ಯನ ಕಲೆಗಳಲ್ಲಿ ಅನಿಲ ಹೊರಗಡೆಗೆ ಹರಿಯುವುದನ್ನು ಕಂಡುಹಿಡಿದರು. ನೂರು ವರ್ಷಕ್ಕೂ ಹೆಚ್ಚು ಕಾಲದ ಸೂರ್ಯನ ಚಿತ್ರಗಳನ್ನು ಇಲ್ಲಿ ತೆಗೆದಿದ್ದಾರೆ. ಸಣ್ಣ ಮ್ಯೂಸಿಯಂ ಇದೆ, ಆಕಾಶ ಸ್ವಚ್ಛ ಇದ್ದರೆ ಸೂರ್ಯನ ಬಿಂಬವನ್ನೇ ನೋಡಬಹುದು. ರೋಹಿಣಿ ಮಳೆ ಎಣಿಸುವ ರೈತ, ಸೂರ್ಯನ ಕಲೆ ಎಣಿಸುವ ಇಂಗ್ಲಿಷಿನವನು, ಇಬ್ಬರದೂ ಒಂದೇ ಚಿಂತೆ ಎಂದು ಗೊತ್ತಿದ್ದು ಹೋದರೆ ಆ ಪುಟ್ಟ ಕೋಣೆ ದೊಡ್ಡದಾಗಿ ಕಾಣುತ್ತದೆ. ಗೊತ್ತಿಲ್ಲದೆ ಹೋದರೆ ಇಪ್ಪತ್ತು ನಿಮಿಷಕ್ಕೆ ಬೇಜಾರು.

ಕಾವಲೂರು ಜವಾದಿ ಬೆಟ್ಟದಲ್ಲಿದೆ. ಇದು ರಾತ್ರಿಯ ಆಕಾಶಕ್ಕೆ. ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರಿನ 2.34 ಮೀಟರ್ ಟೆಲಿಸ್ಕೋಪ್ 1986ರಿಂದ ಇದೆ. ಒಂದು ಮೀಟರ್‌ನ ಹಳೆಯ ಟೆಲಿಸ್ಕೋಪ್ 1977ರಲ್ಲಿ ಯುರೇನಸ್ ಗ್ರಹದ ಬಳೆಗಳನ್ನು ಗುರುತಿಸಿದ ವೀಕ್ಷಣೆಗಳಲ್ಲಿ ಪಾಲು ಪಡೆದಿತ್ತು. ದೊಡ್ಡ ಟೆಲಿಸ್ಕೋಪಿಗೆ ಕಣ್ಣಿಡಲು ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿಬಿಡಬೇಡಿ. ಅದು ವಿಜ್ಞಾನಿಗಳ ಕೆಲಸಕ್ಕೆ, ಬಂದವರಿಗೆ ತೋರಿಸುವುದು ಸಣ್ಣ ಟೆಲಿಸ್ಕೋಪಿನಲ್ಲಿ. ಸಾರ್ವಜನಿಕರಿಗೆ ಸಾಮಾನ್ಯವಾಗಿ ಶನಿವಾರ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ತಿಂಗಳ ಲೆಕ್ಕ

ನವೆಂಬರ್‌ನಿಂದ ಫೆಬ್ರವರಿ ಜೈಪುರ, ಉಜ್ಜಯಿನಿಗೆ ಸರಿಯಾದ ಕಾಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಜೈಪುರದ ಬೆಳಗಿನಲ್ಲಿ ಮಂಜು ಇರಬಹುದು, ಹತ್ತು ಗಂಟೆ ಮೇಲೆ ಹೋಗಿ. ಏಪ್ರಿಲ್, ಮೇ ರಜೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ಅಮೃತಶಿಲೆಯ ಮೇಲೆ ಕಣ್ಣು ಕುಕ್ಕುವ ಬಿಸಿಲಲ್ಲಿ ಮಕ್ಕಳು ಹತ್ತು ನಿಮಿಷ ನಿಲ್ಲುವುದಿಲ್ಲ. ಬೇಸಿಗೆ ರಜೆಯೇ ಸಿಗುವುದು ಅನ್ನುವವರು ಏಪ್ರಿಲ್ ಕೊನೆಯಲ್ಲಿ ಮನೆಯ ತಾರಸಿಯಲ್ಲೇ ನೆರಳಿಲ್ಲದ ಮಧ್ಯಾಹ್ನ ನೋಡಿ, ತಾರಾಲಯಕ್ಕೆ ಹೋಗಿ, ದಸರಾ ರಜೆ ಅಥವಾ ದೀಪಾವಳಿಗೆ ಉಜ್ಜಯಿನಿ ಇಟ್ಟುಕೊಳ್ಳಿ. ಕೊಡೈಕನಾಲ್‌ಗೆ ಜನವರಿಯಿಂದ ಮಾರ್ಚ್. ಕಾವಲೂರಿಗೂ ಅದೇ. ಚಂದ್ರನನ್ನೇ ನೋಡಬೇಕೆಂದರೆ ಶುಕ್ಲ ಪಕ್ಷದ ಅಷ್ಟಮಿಯ ಆಸುಪಾಸು, ಮಸುಕು ನಕ್ಷತ್ರಗಳು ಬೇಕೆಂದರೆ ಅಮಾವಾಸ್ಯೆಯ ಹತ್ತಿರದ ಶನಿವಾರ. ಮಳೆಗಾಲದಲ್ಲಿ ಹೊರಗಿನ ಯಾವ ಜಾಗವೂ ಬೇಡ. ಪಿಲಿಕುಳ ಸಾಕು.

ಎಲ್ಲಿಗೆ ಹೋದರೂ ಚೀಲದಲ್ಲಿ ಒಂದಿಷ್ಟು ದಾರ, ಒಂದು ಸಣ್ಣ ಕಡ್ಡಿ, ಸೆಕೆಂಡ್ ಮುಳ್ಳು ಇರುವ ವಾಚು ಮತ್ತು ಆ ವರ್ಷದ ಕನ್ನಡ ಪಂಚಾಂಗ ಇರಲಿ. ಪಂಚಾಂಗದಲ್ಲಿ ಆ ದಿನ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದು ಮೊದಲೇ ನೋಡಿಕೊಂಡು ಹೋಗಿ. ಗೈಡ್‌ಗೆ ಕೇಳುವ ಮೊದಲ ಪ್ರಶ್ನೆ ಅದೇ ಆಗಲಿ. ಅವರು ಯಾವ ಯಂತ್ರದ ಕಡೆ ಕರೆದುಕೊಂಡು ಹೋಗುತ್ತಾರೆ ಎನ್ನುವುದರ ಮೇಲೆ ಅವರಿಗೆ ಕೊಡುವ ದುಡ್ಡು ದಂಡವೋ ಅಲ್ಲವೋ ಎಂದು ಗೊತ್ತಾಗುತ್ತದೆ.